ಮೊದಲು ಸಲ್ಲಬೇಕಾದದ್ದು ಸಲ್ಲಲಿ: ಮೀಕನ ಮಾತನ್ನು ದಿನನಿತ್ಯ ನಡೆಸುವ ಬಗೆ

ನ್ಯಾಯವನ್ನು ಆಚರಿಸುವುದು, ಕರುಣೆಯನ್ನು ಪ್ರೀತಿಸುವುದು, ದೇವರೊಂದಿಗೆ ನಮ್ರತೆಯಿಂದ ನಡೆಯುವುದು ಎಂಬ ಮೂರನ್ನೂ ಬೈಬಲಿನ ಮೀಕನ ಗ್ರಂಥದ 6:8ನೇ ವಚನ ಒಂದೇ ಉಸಿರಿನಲ್ಲಿ ಹೇಳುತ್ತದೆ. ಕ್ರಿಸ್ತಪೂರ್ವ 8ನೇ ಶತಮಾನದ ಈ ಪ್ರವಾದಿ, ಪರರ ಹೊಲಮನೆಗಳನ್ನು ಕಬಳಿಸುವವರನ್ನೂ ಮೋಸದ ತೂಕದ ಕಲ್ಲುಗಳನ್ನು ಚೀಲದಲ್ಲಿಟ್ಟುಕೊಂಡವರನ್ನೂ ಖಂಡಿಸಿದವನಾದ್ದರಿಂದ, ಈ ವಚನವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವುದಕ್ಕಿಂತ ಲೆಕ್ಕದ ಪುಸ್ತಕದ ಪಕ್ಕದಲ್ಲಿಟ್ಟು ಓದುವುದೇ ಲೇಸು.

ಆರಂಭವೂ ಅಲ್ಲಿಂದಲೇ ಆಗಲಿ. ನೀವು ಯಾರಿಗೆ ಏನನ್ನು ಕೊಡಬೇಕಾಗಿದೆ ಎಂಬುದನ್ನು ಬರೆದುಕೊಳ್ಳಿ: ಕೆಲಸದವರ ಬಾಕಿ ಸಂಬಳ, ತೀರಿಸದ ಕೈಗಡ, ಹಿಂದಿರುಗಿಸದ ವಸ್ತು, ಬೇರೊಬ್ಬರ ಶ್ರಮಕ್ಕೆ ನಿಮಗೆ ಸಂದ ಹೊಗಳಿಕೆ. ಕೂಲಿಯವನ ಕೂಲಿಯನ್ನು ಮರುದಿನ ಬೆಳಗಿನವರೆಗೂ ಇಟ್ಟುಕೊಳ್ಳಬಾರದೆಂದು ಬೈಬಲಿನ ಇನ್ನೊಂದು ಗ್ರಂಥವಾದ ಯಾಜಕಕಾಂಡ 19:13 ಆಜ್ಞಾಪಿಸುತ್ತದೆ. ಕೊಡುವವನಿಗೆ ಒಂದು ರಾತ್ರಿಯ ವಿಳಂಬವೆಂಬುದು ಏನೂ ಅಲ್ಲ. ಆ ದಿನದ ದುಡಿಮೆಯಿಂದಲೇ ಆ ದಿನದ ಊಟ ಕಾಣುವವನಿಗೆ ಅದು ಹಸಿವು. ಸಂಬಳವನ್ನು ತಡೆಹಿಡಿದು, ಅದೇ ವ್ಯಕ್ತಿಗೆ ಹಳೆಯ ಬಟ್ಟೆ ಕೊಟ್ಟು ಧರ್ಮ ಮಾಡಿದೆನೆಂದುಕೊಳ್ಳುವುದು ನಮ್ಮಲ್ಲಿ ತೀರಾ ಅಪರೂಪವೇನಲ್ಲ. ಸಲ್ಲಬೇಕಾದದ್ದನ್ನು ದಾನದ ಹೆಸರಿನಲ್ಲಿ ಕೊಟ್ಟರೆ ನ್ಯಾಯವೂ ಉಳಿಯದು, ಕರುಣೆಯೂ ಉಳಿಯದು. ಯೇಸುವನ್ನು ಮನೆಗೆ ಬರಮಾಡಿಕೊಂಡ ಸುಂಕದ ಅಧಿಕಾರಿ ಜಕ್ಕಾಯನು ಬಡವರಿಗೆ ಆಸ್ತಿಯ ಅರ್ಧವನ್ನು ಕೊಡುವೆನೆಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಅನ್ಯಾಯವಾಗಿ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದು ಆ ಲೆಕ್ಕವನ್ನು ಬೇರೆಯಾಗಿಯೇ ಇಟ್ಟನು.

ಲೆಕ್ಕ ಚುಕ್ತಾ ಆದ ಮೇಲಿನದು ಕರುಣೆ. ಅದನ್ನು ತೋರುವ ರೀತಿಯನ್ನು ಬೈಬಲಿನ ರೂತಳ ಗ್ರಂಥದಲ್ಲಿ ಬರುವ ಹೊಲದೊಡೆಯ ಬೋವಜನಿಂದ ಕಲಿಯಬಹುದು. ಕೊಯ್ಲಿನಲ್ಲಿ ಉಳಿದ ತೆನೆಗಳನ್ನು ಆಯಲು (ಹಕ್ಕಲಾಯಲು) ಬಂದ ಬಡ ವಿಧವೆ ರೂತಳಿಗಾಗಿ ಸಿವುಡುಗಳಿಂದ ಕೆಲವು ತೆನೆಗಳನ್ನು ಬೇಕೆಂದೇ ಎಳೆದು ಬಿಡಿರಿ, ಅವಳನ್ನು ಗದರಿಸಬೇಡಿರಿ ಎಂದು ಅವನು ಆಳುಗಳಿಗೆ ಹೇಳಿದನು. ಅವಳು ಕೈಯೊಡ್ಡಬೇಕಾಗಲಿಲ್ಲ, ತಾನೇ ಆಯ್ದುಕೊಂಡಳು. ಹಾಗೆಯೇ ನೆರವು ನೀಡುವಾಗ ಪಡೆಯುವವರು ತಮ್ಮ ಕಷ್ಟವನ್ನು ನಾಲ್ಕು ಜನರೆದುರು ವಿವರಿಸಬೇಕಾದ ಪ್ರಸಂಗ ತರಬೇಡಿ. ಫೋಟೋ ತೆಗೆಯುವುದಂತೂ ಬೇಡವೇ ಬೇಡ. ಸಾಲವನ್ನು ಮನ್ನಾ ಮಾಡುವುದಾದರೆ ಒಮ್ಮೆ ಸ್ಪಷ್ಟವಾಗಿ ಹೇಳಿ, ಮುಂದೆ ಜಗಳದ ನಡುವೆಯೂ ಅದನ್ನು ಎತ್ತಬೇಡಿ.

ನಮ್ರತೆಗೆಂದು ಪ್ರತ್ಯೇಕ ಅಭ್ಯಾಸವಿದೆಯೆಂದು ನನಗನಿಸುವುದಿಲ್ಲ. ತಗ್ಗಿದ ದನಿಯಲ್ಲಿಯೂ ಅಹಂಕಾರ ಸುಖವಾಗಿ ಬಾಳಬಲ್ಲದು. ಅದರ ಪರೀಕ್ಷೆ ನಡೆಯುವುದು ತಪ್ಪೊಪ್ಪಿಕೊಳ್ಳುವಾಗ. ಸಹೋದರನಿಗೆ ನಿಮ್ಮ ಮೇಲೆ ಏನೋ ಮನಸ್ತಾಪವಿದೆಯೆಂದು ಯಜ್ಞವೇದಿಯ ಬಳಿಯಲ್ಲಿ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗಿರಿ ಎಂದು ಯೇಸು ಹೇಳಿದ್ದಾನೆ (ಮತ್ತಾಯ 5:23-24). ಆದ್ದರಿಂದ ಆರಾಧನೆಗೆ ಹೊರಡುವ ಮುನ್ನವೇ ಆ ವ್ಯಕ್ತಿಯನ್ನು ಕಾಣಿರಿ ಇಲ್ಲವೇ ಕರೆಮಾಡಿರಿ. ಮಾಡಿದ ತಪ್ಪನ್ನು ಅದರ ಹೆಸರಿನಿಂದಲೇ ಹೇಳಿ, ‘ಆದರೆ’ ಎಂಬ ಮಾತನ್ನು ಸೇರಿಸದೆ ನಿಲ್ಲಿಸಿ. ಅವರು ಕ್ಷಮಿಸಲು ಸಿದ್ಧರಿಲ್ಲದಿದ್ದರೆ ಒತ್ತಾಯಿಸಬೇಡಿ, ಅವರಿಗೆ ವಚನಗಳನ್ನು ಓದಿ ಹೇಳಲೂ ಬೇಡಿ. ಕೊಡಬೇಕಾದ ಬಾಕಿಯೇನಾದರೂ ಇದ್ದರೆ ಅದನ್ನು ಮಾತ್ರ ಅಂದೇ ಕೊಟ್ಟು ಬನ್ನಿ.