ಮಣಿ ಹೆಣಿಗೆಯಲ್ಲಿ ನೂಲು ಜಗ್ಗಬೇಡಿ, ಕಡ್ಡಿ ಬದಲಿಸಿ
ಮಣಿ ಹಾಕಿ ಹೆಣೆಯಲು ಕೂತರೆ ಎಂಥವರ ಕೈಯೂ ತಾನಾಗಿ ಬಿಗಿಯಾಗುತ್ತದೆ. ಮಣಿ ಹಿಂಬದಿಗೆ ಜಾರೀತೆಂಬ ಹೆದರಿಕೆಗೆ ಪ್ರತಿ ಮಣಿಗೂ ನೂಲನ್ನು ಒಮ್ಮೆ ಜಗ್ಗುತ್ತೇವೆ. ಆಗ ಮಣಿಯ ಸಾಲು ಮುದುಡುತ್ತದೆ, ಬರಿಯ ಸಾಲು ಸಡಿಲವಾಗಿಯೇ ಉಳಿಯುತ್ತದೆ, ಅಂಚು ಅಂಕುಡೊಂಕಾಗುತ್ತದೆ. ಹೆಣಿಗೆ ಗಟ್ಟಿಯಾಗಬೇಕೆಂದರೆ ಕಡ್ಡಿಯನ್ನು ಒಂದು ಅಳತೆ ಸಣ್ಣದು ಮಾಡಿ. ನೂಲಿನ ಚೀಟಿಯಲ್ಲಿ 3.5 ಮಿ.ಮೀ. ಎಂದಿದ್ದರೆ 3.25 ಹಿಡಿಯಿರಿ. ಕೈ ಮಾತ್ರ ಎಂದಿನ ಓಟದಲ್ಲೇ ಇರಲಿ.

ಅದಕ್ಕೂ ಮೊದಲು ಮಣಿಗೂ ನೂಲಿಗೂ ಹೊಂದಬೇಕು. ಮಣಿಯ ಅಳತೆಯ ಸಂಖ್ಯೆ ದೊಡ್ಡದಾದಷ್ಟೂ ಮಣಿ ಚಿಕ್ಕದು: 6/0 ಎಂದರೆ ಸುಮಾರು 4 ಮಿ.ಮೀ., 8/0 ಸುಮಾರು 3, 11/0 ಸುಮಾರು 2. ತೆಳ್ಳನೆಯ ಶಾಲಿನ ನೂಲಿಗೆ 8/0 ಸರಿ, ಕಾಲುಚೀಲದ ದಪ್ಪದ ನೂಲಿಗೆ 6/0. ಪೋಣಿಸಿ ನೋಡಿ: ಮಣಿ ತನ್ನ ಭಾರಕ್ಕೇ ಜರ್ರನೆ ಇಳಿದರೆ ಅದು ಹೆಣಿಗೆಯಲ್ಲೂ ಅಲುಗಾಡುತ್ತದೆ. ಉಗುರಿನಲ್ಲಿ ತಳ್ಳಿದರೂ ಹೋಗದಿದ್ದರೆ ನೂಲು ಸವೆದು ನಾರುನಾರಾಗುತ್ತದೆ. ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಸರಿಯುವಂತಿರಬೇಕು. ತೂತಿನ ಅಂಚು ಚೂಪಾಗಿರುವ ಮಣಿಯನ್ನು ಆಗಲೇ ಆರಿಸಿ ಎಸೆಯಿರಿ, ಮುಂದೆ ಅದು ನೂಲನ್ನೇ ಕತ್ತರಿಸುತ್ತದೆ.

ಹೆಚ್ಚು ಜನ ಮಾಡುವುದು ಕುಣಿಕೆ (ಕಡ್ಡಿಯ ಮೇಲಿನ ನೂಲಿನ ಸುತ್ತು) ಜಾರಿಸುವ ಕ್ರಮ. ಇದಕ್ಕೆ ಮಣಿಗಳನ್ನು ಮೊದಲೇ ನೂಲಿಗೆ ಪೋಣಿಸಿಟ್ಟಿರಬೇಕು. ನೂಲನ್ನು ಮುಂದಕ್ಕೆ ತಂದು, ಮಣಿಯನ್ನು ಕಡ್ಡಿಯವರೆಗೆ ಸರಿಸಿ, ಒಂದು ಕುಣಿಕೆಯನ್ನು ಹೆಣೆಯದೆ, ಪರ್ಲ್ (ಉಲ್ಟಾ ಹೆಣಿಗೆ) ಹಾಕುವಂತೆ ಬಲಗಡ್ಡಿಗೆ ಜಾರಿಸಿ, ನೂಲನ್ನು ಹಿಂದಕ್ಕೆ ಒಯ್ದು ಮುಂದಿನದನ್ನು ಹೆಣೆಯುವುದು. ಮಣಿ ಆ ಜಾರಿದ ಕುಣಿಕೆಯ ಮುಂದಿನ ಅಡ್ಡ ಎಳೆಯ ಮೇಲೆ ಕೂರುತ್ತದೆ. ಹದವೆಲ್ಲ ಇರುವುದು ಈ ಅಡ್ಡ ಎಳೆಯಲ್ಲೇ. ಮುಂದಿನ ಕುಣಿಕೆ ಹೆಣೆಯುವ ಮೊದಲು ಬಲಗಡ್ಡಿಯ ಮೇಲಿನ ಕುಣಿಕೆಗಳನ್ನು ಬೆರಳಿನಿಂದ ಸ್ವಲ್ಪ ಹರಡಿ. ಮಣಿ ಜಾರಿದ ಕುಣಿಕೆಗೆ ತಾಗಿದ್ದು, ಎಳೆ ಅಷ್ಟೇ ಅಗಲಕ್ಕೆ ಮಲಗಿದ್ದರೆ ಸಾಕು. ಎಳೆ ಗಿಡ್ಡವಾದರೆ ಅಕ್ಕಪಕ್ಕದ ಕುಣಿಕೆಗಳು ಒಂದರ ಮೇಲೊಂದು ಬೀಳುತ್ತವೆ, ಉದ್ದವಾದರೆ ಮಣಿ ಜೋತು ಬೀಳುತ್ತದೆ. ಎಷ್ಟು ಸರಿಪಡಿಸಿದರೂ ಮಣಿ ಓರೆಯಾಗಿಯೇ ನಿಂತರೆ ಅದು ಕುಣಿಕೆಗಿಂತ ಅಗಲವಾಗಿದೆ ಎಂದರ್ಥ, ಕೈಯನ್ನು ದೂರಬೇಡಿ. ಅಂಚಿನ ಒಂದೆರಡು ಕುಣಿಕೆಗೆ ಮಣಿಯೇ ಬೇಡ.

ಪೋಣಿಸದೆ, ತುದಿಗೆ ಕೊಕ್ಕೆಯಿರುವ ಸಪೂರ ಕ್ರೋಶಾ ಕಡ್ಡಿಯಿಂದ ಒಂದೊಂದೇ ಮಣಿ ತೊಡಿಸುವವರಿಗೆ ಬೇರೆ ತಾಪತ್ರಯ. ಎರಡೆಳೆಯಾದ ಕುಣಿಕೆಯನ್ನು ಮಣಿಯ ತೂತಿನಿಂದ ಮೇಲೆಳೆಯುವಾಗ ಅದು ಪಕ್ಕದವುಗಳಿಂದ ನೂಲು ಕಸಿದುಕೊಂಡು ಉದ್ದವಾಗುತ್ತದೆ. ತೊಡಿಸಿದ ಮೇಲೆ ಅದನ್ನು ಮತ್ತೆ ಹೆಣೆಯದೆ ಬಲಗಡ್ಡಿಗೆ ಹಾಗೇ ಜಾರಿಸಿದರೆ ಮಣಿ ಅಲುಗದೆ ಕೂರುತ್ತದೆ. ಜಾಳಿಗೆಯ ಹೆಣಿಗೆಗೆ ನನಗೆ ಇದೇ ಇಷ್ಟ. ನೂಲಿಗೂ ಸವೆತ ಕಡಿಮೆ.

ಪೋಣಿಸಿದ ನೂಲಿನಲ್ಲಿ ಮಣಿಯ ಭಾರವೇ ಕೈಯಿಂದ ನೂಲನ್ನು ಜಗ್ಗುತ್ತಿರುತ್ತದೆ, ಇದನ್ನು ಯಾರೂ ಗಮನಿಸುವುದಿಲ್ಲ. ಒಂದು ಸಾಲಿಗೆ ಬೇಕಾದಷ್ಟನ್ನು ಮಾತ್ರ ಕೈ ಹತ್ತಿರ ತಂದುಕೊಂಡು ಉಳಿದದ್ದನ್ನು ಉಂಡೆಯ ಕಡೆಗೆ ತಳ್ಳಿಡಿ. ಉಂಡೆ ಮಡಿಲಲ್ಲೇ ಇರಲಿ, ನೆಲಕ್ಕೆ ನೇತಾಡುವುದು ಬೇಡ. ಕಿರುಬೆರಳಿಗೆ ನೂಲು ಸುತ್ತುವ ಅಭ್ಯಾಸವಿದ್ದರೆ ಒಂದೇ ಸುತ್ತು ಸಾಕು. ಎರಡು ಸುತ್ತಿದರೆ ಮಣಿ ಅಲ್ಲಿ ಸಿಕ್ಕಿಕೊಂಡು ಪ್ರತಿ ಸಲ ಎಳೆತ ಬೇರೆಯಾಗುತ್ತದೆ. ಬಣ್ಣಬಣ್ಣದ ಚಿತ್ತಾರವಾದರೆ ಕೊನೆಗೆ ಪೋಣಿಸಿದ ಮಣಿಯೇ ಹೆಣಿಗೆಗೆ ಮೊದಲು ಬರುತ್ತದೆಂಬುದು ನೆನಪಿರಲಿ.

ಅಳತೆ ನೋಡುವ ಮಾದರಿ ತುಂಡನ್ನು ಮಣಿ ಹಾಕಿಯೇ ಹೆಣೆಯಿರಿ, ಬರಿಯ ನೂಲಿನ ಅಳತೆ ಇಲ್ಲಿ ನಡೆಯುವುದಿಲ್ಲ. 6/0 ಗಾಜಿನ ಮಣಿ ಸಾವಿರ ಸೇರಿದರೆ ಸುಮಾರು 90 ಗ್ರಾಂ, ಅಂದರೆ ಒಂದು ಶಾಲಿಗೆ ಹಿಡಿಯುವ ನೂಲಿನಷ್ಟೇ ಭಾರ. ಒದ್ದೆ ಮಾಡಿ ಒಣಗಿಸಿದ ತುಂಡನ್ನು ಕ್ಲಿಪ್ ಹಾಕಿ ಒಂದು ರಾತ್ರಿ ನೇತುಹಾಕಿ ಆಮೇಲೆ ಅಳೆಯಿರಿ. ಉದ್ದ ಬೆಳೆದಿರುತ್ತದೆ, ಅಗಲ ಕುಗ್ಗಿರುತ್ತದೆ. ಹತ್ತಿ ನೂಲಾದರೆ ಇನ್ನೂ ಹೆಚ್ಚು, ಅದಕ್ಕೆ ಉಣ್ಣೆಯಂತೆ ಮತ್ತೆ ಮೇಲೇಳುವ ಗುಣವಿಲ್ಲ. ಬಣ್ಣ ಬಿಡುವ ಮಣಿಯೂ ಆ ನೀರಿನಲ್ಲೇ ಸಿಕ್ಕಿಬೀಳುತ್ತದೆ.

ಎಲ್ಲ ಮುಗಿದ ಮೇಲೆ ಒಂದು ಮಣಿ ಬಿಟ್ಟುಹೋದದ್ದು ಕಂಡರೆ ಬಿಚ್ಚಬೇಡಿ, ಅದೇ ಬಣ್ಣದ ದಾರದಲ್ಲಿ ಹೊಲಿದುಬಿಡಿ. ಬೇಡದ ಕಡೆ ಒಂದು ಮಣಿ ಹೆಚ್ಚಾಗಿದ್ದರೆ ಅದರ ತೂತಿಗೆ ಮೊಂಡು ಸೂಜಿ ತೂರಿಸಿ, ಮೇಲೆ ಬಟ್ಟೆ ಮುಚ್ಚಿ, ಇಕ್ಕಳದಿಂದ ಒಡೆಯಿರಿ. ಸೂಜಿ ಇದ್ದರೆ ಗಾಜು ಹೊರಕ್ಕೆ ಸಿಡಿಯುತ್ತದೆ, ನೂಲು ಉಳಿಯುತ್ತದೆ. ಬಟ್ಟೆ ಮುಚ್ಚುವುದು ಕಣ್ಣಿಗಾಗಿ.