ಭೂಮಿ ಒಂದು ಕಾಳುಮೆಣಸು

ನಮ್ಮ ಶಾಲೆ ಶಿರಸಿ ಪೇಟೆಯಿಂದ 10 ಕಿಲೋಮೀಟರ್ ದೂರದಲ್ಲಿದೆ. ಶಾಲೆಯ ಜಗುಲಿ ಇಳಿದು ತೋಟದ ಪಕ್ಕದ ರಸ್ತೆ ಹಿಡಿದರೆ ಬಸ್ ತಂಗುದಾಣಕ್ಕೆ ಒಂದೂಮುಕ್ಕಾಲು ಕಿಲೋಮೀಟರ್. ಈ ಅಳತೆ ನನಗೆ ಇಷ್ಟು ಖಚಿತವಾಗಿ ಗೊತ್ತಿರುವುದು ನೆಪ್ಚೂನ್ ದೆಸೆಯಿಂದ.

ಸೌರಮಂಡಲದ ಪಾಠ ನಡೆದಿತ್ತು. ಗೋಡೆಯ ಚಾರ್ಟಿನಲ್ಲಿ ಎಂಟು ಗ್ರಹಗಳು ಮಣಿ ಪೋಣಿಸಿದಂತೆ ಸಾಲಾಗಿ ಕುಳಿತಿದ್ದವು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಅಕ್ಕೋರೇ, ಮಂಗಳದಿಂದ ಗುರುವಿಗೂ ಗುರುವಿನಿಂದ ಶನಿಗೂ ಒಂದೇ ದೂರವೇ?" ಎಂದು ಕೇಳಿದ. ಅಲ್ಲ ಎಂದೆ. "ಹಾಗಾದರೆ ಎಷ್ಟು?" ಎಂದ. ಕೋಟಿಗಳಲ್ಲಿ ಹೇಳಿದೆ. ಅವನು ತಲೆಯಾಡಿಸಿ ಕುಳಿತ. ಅರ್ಥವಾಗದವರು ಆಡಿಸುವ ತಲೆ ಹೇಗಿರುತ್ತದೆ ಎಂಬುದು ಇಪ್ಪತ್ತು ವರ್ಷ ಪಾಠ ಮಾಡಿದವಳಿಗೆ ಗೊತ್ತಾಗದೆ ಇರುವುದಿಲ್ಲ.

ಅಂದು ರಾತ್ರಿ ಒಗ್ಗರಣೆ ಡಬ್ಬಿ ತೆಗೆದು ಕುಳಿತೆ. ಹತ್ತು ಕಾಳುಮೆಣಸನ್ನು ಅಳತೆಪಟ್ಟಿಯ ಮಗ್ಗುಲಲ್ಲಿ ಸಾಲಾಗಿ ಇಟ್ಟರೆ 5 ಸೆಂಟಿಮೀಟರ್ ಬಂತು. ಅಂದರೆ ಕಾಳೊಂದಕ್ಕೆ 5 ಮಿಲಿಮೀಟರ್. ಭೂಮಿಯ ವ್ಯಾಸ 12,742 ಕಿಲೋಮೀಟರ್. ಭೂಮಿಯೇ ಈ ಕಾಳು ಎಂದುಕೊಂಡರೆ 1 ಮಿಲಿಮೀಟರ್ ಎಂದರೆ ಸುಮಾರು 2,550 ಕಿಲೋಮೀಟರ್. ಲೆಕ್ಕ ಇಷ್ಟೇ. ಉಳಿದದ್ದು ಭಾಗಾಕಾರ ಮತ್ತು ಅಡುಗೆಮನೆ.

ಚಂದ್ರನಿಗೆ ರಾಗಿ ಕಾಳು, ಬುಧನಿಗೆ ಸಾಸಿವೆ. ಶುಕ್ರ ಭೂಮಿಯ ಸರಿಸುಮಾರು ಜೋಡಿ, ಆದ್ದರಿಂದ ಇನ್ನೊಂದು ಮೆಣಸು. ಮಂಗಳನಿಗೆ ಜೊಳ್ಳು ಮೆಣಸಿನ ಪುಟ್ಟ ಕಾಳು. ಗುರುವಿಗೆ 5.6 ಸೆಂಟಿಮೀಟರಿನ ದೊಡ್ಡ ನಿಂಬೆಹಣ್ಣು, ಶನಿಗೆ ಅದಕ್ಕಿಂತ ತುಸು ಸಣ್ಣದು. ಯುರೇನಸ್ ಮತ್ತು ನೆಪ್ಚೂನ್ ತಲಾ 2 ಸೆಂಟಿಮೀಟರ್. ನಮ್ಮ ಕಡೆ ಆ ಅಳತೆಯ ವಸ್ತುವಿಗೆ ಹುಡುಕಾಡಬೇಕೇ? ಎರಡು ಚಾಲಿ ಅಡಿಕೆ, ಅಂದರೆ ಒಣಗಿಸಿ ಸುಲಿದ ಅಡಿಕೆ, ಆರಿಸಿಕೊಂಡೆ. ಯುರೇನಸ್ ತನ್ನ ಅಕ್ಷವನ್ನೇ 98 ಡಿಗ್ರಿ ವಾಲಿಸಿ ಮಲಗಿದ ಗ್ರಹವಾದ್ದರಿಂದ ಒಂದು ಅಡಿಕೆಯನ್ನು ಅಡ್ಡಡ್ಡ ಇಡುವುದೆಂದು ತೀರ್ಮಾನವಾಯಿತು.

ಶನಿಯ ಉಂಗುರವನ್ನು ಅಡಿಕೆ ಹಾಳೆಯಲ್ಲಿ ಕತ್ತರಿಸಿದೆವು, 11 ಸೆಂಟಿಮೀಟರ್ ಅಗಲಕ್ಕೆ. ನೋಡಲು ಚೆನ್ನಾಗಿಯೇ ಇತ್ತು, ಆದರೆ ಅದು ಹೇಳಿದ್ದು ಸುಳ್ಳು. ನಿಜವಾದ ಉಂಗುರಗಳ ದಪ್ಪ ಹೆಚ್ಚಿನ ಕಡೆ ಕೆಲವು ಹತ್ತು ಮೀಟರ್ ಮಾತ್ರ. ನಮ್ಮ ಎರಡು ಮಿಲಿಮೀಟರಿನ ಹಾಳೆ ಈ ಲೆಕ್ಕದಲ್ಲಿ 5,000 ಕಿಲೋಮೀಟರ್ ದಪ್ಪ. ಮಕ್ಕಳಿಗೆ ಇದನ್ನೂ ಹೇಳಿದೆ.

ಸೂರ್ಯ 55 ಸೆಂಟಿಮೀಟರ್ ಆಗಬೇಕಿತ್ತು. ಹಲಸಿನಹಣ್ಣು ಇಡೋಣ ಎಂದರು. ಅದು ದುಂಡಗಿಲ್ಲವಲ್ಲ! ರಟ್ಟಿನ ತಟ್ಟೆ ಕತ್ತರಿಸಿ ಹಳದಿ ಬಣ್ಣ ಬಳಿದು ಜಗುಲಿಯ ಕಂಬಕ್ಕೆ ತೂಗುಹಾಕಿದೆವು.

ಇನ್ನು ದೂರ ಅಳೆಯುವ ಕೆಲಸ. ಈ ಅಳತೆಯಲ್ಲಿ ಭೂಮಿ ಸೂರ್ಯನಿಂದ 58.7 ಮೀಟರ್. ಮೊದಲು ತೋಟದಲ್ಲಿ ಅಡಿಕೆ ಗೊನೆ ಇಳಿಸುವ ಹಗ್ಗ ತಂದು 20 ಮೀಟರಿಗೆ ಗಂಟು ಹಾಕಿ ಅಳೆದೆವು. ಗುರುವಿನವರೆಗೆ ಸರಿಹೋಯಿತು, ಶನಿಯ ಹಾದಿಯಲ್ಲಿ ಎಷ್ಟು ಸಲ ಎಳೆದೆವು ಎಂಬ ಬಗ್ಗೆ ಜಗಳ ಬಿತ್ತು. ಮರುದಿನ ಸೈಕಲ್ ತಂದೆ. ಗಾಲಿಯ ಒಂದು ಕಡ್ಡಿಗೆ ಕೆಂಪು ರಿಬ್ಬನ್ ಕಟ್ಟಿದೆವು. ಗಾಲಿ ಒಂದು ಸುತ್ತು ತಿರುಗಿದರೆ 2.1 ಮೀಟರ್. ಭೂಮಿಗೆ 28 ಸುತ್ತು, ಗುರುವಿಗೆ 145, ನೆಪ್ಚೂನ್‌ಗೆ 840. ಸೈಕಲ್ ತಳ್ಳಲು ಒಬ್ಬ, ಎಣಿಸಲು ಇಬ್ಬರು, ಐವತ್ತು ಸುತ್ತಿಗೊಮ್ಮೆ ಸ್ಲೇಟಿನಲ್ಲಿ ಗೀಟು. ನೀವು ಮಾಡುವುದಿದ್ದರೆ ಸೈಕಲ್ಲನ್ನೇ ಹಿಡಿಯಿರಿ.

28 ಫೆಬ್ರವರಿ, ರಾಷ್ಟ್ರೀಯ ವಿಜ್ಞಾನ ದಿನದಂದು ಬೆಳಿಗ್ಗೆಯೇ ಹೊರಟೆವು. ಅಂಗಳ ದಾಟುವ ಮೊದಲೇ ಹೊಡೆತ ಬಿತ್ತು: ಕೋಳಿಯೊಂದು ಬಂದು ಬುಧನನ್ನು ಹೆಕ್ಕಿ ನುಂಗಿತು. ಆಮೇಲೆ ಅಡಿಕೆ ದಬ್ಬೆಯ ಗೂಟ ನೆಟ್ಟು, ಅದರ ತುದಿಗೆ ಬಿಳಿ ಕಾಗದ ಅಂಟಿಸಿ, ಕಾಳುಗಳನ್ನು ಅದರ ಮೇಲೆ ಅಂಟಿನಲ್ಲಿ ಕೂರಿಸಿದೆವು.

ಭೂಮಿಯ ಗೂಟದ ಬಳಿ ಹೆಚ್ಚು ಹೊತ್ತು ನಿಂತೆವು. ಮೆಣಸಿನಿಂದ ಒಂದು ಗೇಣಿಗಿಂತ ತುಸು ಕಡಿಮೆ, 15 ಸೆಂಟಿಮೀಟರ್ ದೂರದಲ್ಲಿ ರಾಗಿ. ಮನುಷ್ಯ ಈವರೆಗೆ ಹೋಗಿ ಕಾಲಿಟ್ಟದ್ದು ಅಷ್ಟು ದೂರ ಮಾತ್ರ. ಅಲ್ಲಿಂದ ತಿರುಗಿ ನೋಡಿದರೆ ಜಗುಲಿಯ ಹಳದಿ ತಟ್ಟೆ ಚಾಚಿದ ಕೈಯ ಕಿರುಬೆರಳ ಉಗುರಿನ ಹಿಂದೆ ಮರೆಯಾಗುತ್ತಿತ್ತು. ಆಕಾಶದ ಸೂರ್ಯನೂ ನಮಗೆ ಕಾಣುವುದು ಅಷ್ಟೇ ಗಾತ್ರ. ಆದರೆ ಅವನನ್ನು ಬರಿಗಣ್ಣಿನಲ್ಲಿ ನೋಡಬಾರದು, ರಾತ್ರಿ ಹುಣ್ಣಿಮೆ ಚಂದ್ರನ ಮೇಲೆ ಇದೇ ಉಗುರು ಹಿಡಿದು ನೋಡಿ ಎಂದೆ. ಚಂದ್ರನೂ ಅಷ್ಟೇ ದೊಡ್ಡದಾಗಿ ಕಾಣುತ್ತಾನೆ.

ಮಂಗಳ ದಾಟಿದ ಮೇಲೆ ಕ್ಷುದ್ರಗ್ರಹಗಳ ಪಟ್ಟಿ. ಹುಡುಗಿಯೊಬ್ಬಳು ರಸ್ತೆಯ ತುಂಬ ಎರಚಲೆಂದು ಮನೆಯಿಂದ ಮುಷ್ಟಿ ರವೆ ತಂದಿದ್ದಳು. ತಡೆದೆ. ಆ ಪಟ್ಟಿಯಲ್ಲಿರುವುದೆಲ್ಲವನ್ನೂ ಒಟ್ಟು ಮಾಡಿದರೂ ಚಂದ್ರನ ದ್ರವ್ಯರಾಶಿಯ ಶೇಕಡಾ 3ರಷ್ಟೇ. ನಮ್ಮ ರಾಗಿ ಕಾಳನ್ನು ಮೂವತ್ತು ತುಂಡು ಮಾಡಿ ಒಂದನ್ನು ಪುಡಿ ಮಾಡಿ ನೂರಾರು ಮೀಟರ್ ಅಗಲಕ್ಕೆ ಹರಡಿದಂತೆ. ರವೆಯ ಒಂದೇ ಒಂದು ಕಣವನ್ನು ಆ ಪಟ್ಟಿಯ ಅತಿ ದೊಡ್ಡ ಕಾಯವಾದ ಸೆರೆಸ್ ಎಂದು ಇಡಲು ಬಿಟ್ಟೆ. 1801ರ ಜನವರಿ 1ರಂದು ಇಟಲಿಯ ಖಗೋಳಜ್ಞ ಪಿಯಾಜಿ ಕಂಡದ್ದು ಅದನ್ನೇ.

ಗುರುವಿನತ್ತ ನಡೆಯುವಾಗ ಮಕ್ಕಳಿಗೆ ಬೇಸರ ಶುರುವಾಯಿತು. ನನಗೆ ಬೇಕಾಗಿದ್ದೂ ಆ ಬೇಸರವೇ. ನಡೆದರೂ ನಡೆದರೂ ಏನೂ ಇಲ್ಲ, ತೋಟದ ಬೇಲಿ, ಕಾಲುವೆ, ಯಾರದ್ದೋ ದನ. ಆಗ ಒಬ್ಬಳು ಕೇಳಿದಳು, "ಬೆಳಕು ಇಲ್ಲಿ ಎಷ್ಟು ವೇಗವಾಗಿ ಓಡುತ್ತದೆ?"

ಅಲ್ಲೇ ಮಣ್ಣಿನಲ್ಲಿ ಲೆಕ್ಕ ಮಾಡಿದೆವು. ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು 8 ನಿಮಿಷ 20 ಸೆಕೆಂಡು. 58.7 ಮೀಟರನ್ನು 500 ಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 12 ಸೆಂಟಿಮೀಟರ್. ಅಂಬೆಗಾಲಿಡುವ ಮಗು ಇದಕ್ಕಿಂತ ಬೇಗ ಹೋಗುತ್ತದೆ. ವಾಪಸ್ ಬರುವಾಗ ಆ ಹುಡುಗಿ ತಾನೇ ಬೆಳಕಾಗುತ್ತೇನೆಂದು ಹಠ ಹಿಡಿದಳು. ನಾನು ಗಡಿಯಾರ ನೋಡುತ್ತಾ ಐದು ಸೆಕೆಂಡಿಗೊಮ್ಮೆ "ಹೂಂ" ಎನ್ನಬೇಕು, ಅವಳು ಒಂದು ಹೆಜ್ಜೆ ಇಡಬೇಕು. ಜಗುಲಿಯಿಂದ ಮೆಣಸಿನ ಗೂಟ ಮುಟ್ಟುವ ಹೊತ್ತಿಗೆ ಉಳಿದವರೆಲ್ಲ ಬಿಸಿಯೂಟಕ್ಕೆ ಕೂತಾಗಿತ್ತು. ಇದೇ ನಡಿಗೆಯಲ್ಲಿ ನೆಪ್ಚೂನ್‌ಗೆ ಹೋಗಲು 4 ಗಂಟೆಗೂ ಹೆಚ್ಚು ಬೇಕು ಎಂದೆ. "ಊಟ ಮಾಡಿ ಹೋಗುತ್ತೇನೆ" ಎಂದಳು. ಕಳಿಸಲಿಲ್ಲ.

1977ರಲ್ಲಿ ಹೊರಟ ಬಾಹ್ಯಾಕಾಶ ನೌಕೆ ವಾಯೇಜರ್ 1 ಎಲ್ಲಿದೆ ಎಂದೂ ಲೆಕ್ಕ ಹಾಕಿದೆವು. ಸುಮಾರು 10 ಕಿಲೋಮೀಟರ್ ಬಂತು, ಅಂದರೆ ಶಿರಸಿ ಪೇಟೆ. ಅಲ್ಲಿಂದ ಅದು ಕಳಿಸುವ ಸುದ್ದಿ ಈ ಹುಡುಗಿಯ ನಡಿಗೆಯಲ್ಲಿ ನಮ್ಮ ಶಾಲೆಗೆ ಬರಲು ಹೆಚ್ಚೂಕಡಿಮೆ ಒಂದು ದಿನ ಹಿಡಿಯುತ್ತದೆ. ಸೂರ್ಯನನ್ನು ಬಿಟ್ಟರೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಇದೇ ಅಳತೆಯಲ್ಲಿ 15,000 ಕಿಲೋಮೀಟರಿಗೂ ಆಚೆ. ಅದಕ್ಕೆ ಗೂಟ ನೆಡುವ ಮಾತು ಯಾರೂ ಎತ್ತಲಿಲ್ಲ.

ಸಂಜೆ ಗ್ರಹಗಳನ್ನು ಹೆಕ್ಕಿ ತರಲು ಹೋದಾಗ ಬಸ್ ತಂಗುದಾಣದ ನೆಪ್ಚೂನ್ ಗೂಟ ಬರಿದಾಗಿತ್ತು. ಅಡಿಕೆಯ ಭಾರಕ್ಕೆ ಅಂಟು ನಿಲ್ಲದೆ ಅದನ್ನು ಸುಮ್ಮನೆ ಗೂಟದ ಬುಡದಲ್ಲಿ ಇಟ್ಟುಬಂದಿದ್ದೆವು. ಕಟ್ಟೆಯ ಮೇಲೆ ಅಜ್ಜರೊಬ್ಬರು ಎಲೆ-ಅಡಿಕೆಯ ಕವಳ ಹಾಕುತ್ತಾ ಕುಳಿತಿದ್ದರು.

"ಅಜ್ಜ, ಇಲ್ಲೊಂದು ಅಡಿಕೆ ಇತ್ತಲ್ಲ?" ಎಂದೆ.

"ಅದು ನಿಮ್ಮದೇ ಅಕ್ಕೋರೇ? ಯಾರೋ ಬೀಳಿಸಿಕೊಂಡು ಹೋಗಿದ್ದಾರೆ ಎಂದುಕೊಂಡೆ" ಎನ್ನುತ್ತಾ ಸಂಚಿ ಬಿಚ್ಚಿ ಅದರ ಬದಲಿಗೆ ಒಂದನ್ನು ಕೊಡಲು ಬಂದರು. ಮಕ್ಕಳು ಅಳತೆಪಟ್ಟಿ ಹಿಡಿದರು. ಎರಡೂವರೆ ಸೆಂಟಿಮೀಟರ್ ಇತ್ತು. ಬೇಡ ಎಂದರು. ಅಜ್ಜ ಸಂಚಿಯನ್ನೆಲ್ಲ ಕಟ್ಟೆಯ ಮೇಲೆ ಸುರಿದು, ಎರಡು ಸೆಂಟಿಮೀಟರಿನದನ್ನು ಹುಡುಕತೊಡಗಿದರು.