ಕಾಯಿಲ್ ಜೊತೆಗೆ ಅದರ ಲೆಕ್ಕವನ್ನೂ ಸುತ್ತುವುದು ಹೇಗೆ

ಕುಶಾಲನಗರದಲ್ಲಿ ನಮ್ಮದೊಂದು ಸಣ್ಣ ಶೆಡ್ ಇದೆ. ನಾಲ್ಕು ವೈಂಡಿಂಗ್ ಮೆಷಿನ್, ಒಂದು ವಾರ್ನಿಶ್ ಓವನ್, ಆರು ಜನ ಹೆಂಗಸರು. ಫೆರೈಟ್ (ಕಪ್ಪು ಕಾಂತೀಯ ಪಿಂಗಾಣಿಯಂಥ ವಸ್ತು) ಟ್ರಾನ್ಸ್‌ಫಾರ್ಮರ್, ಚೋಕ್ (ಕರೆಂಟಿನ ಏರಿಳಿತ ತಡೆಯುವ ಕಾಯಿಲ್) ಸುತ್ತುತ್ತೇವೆ. ಮಾಲು ಹೆಚ್ಚಾಗಿ ಬೆಂಗಳೂರಿನ ಪೀಣ್ಯಕ್ಕೆ ಹೋಗುತ್ತದೆ, ಸ್ವಲ್ಪ ಇಲ್ಲೇ ಆನೆ ಬೇಲಿಯ ಎನರ್ಜೈಸರ್ (ಬೇಲಿಗೆ ಶಾಕ್ ಕೊಡುವ ಪೆಟ್ಟಿಗೆ) ಮಾಡುವವರಿಗೆ.

ಮೊದಲೆಲ್ಲ ಗಿರಾಕಿ ರೇಟ್ ಕೇಳುತ್ತಿದ್ದರು, ಯಾವಾಗ ಕೊಡ್ತೀರಿ ಅಂತ ಕೇಳುತ್ತಿದ್ದರು, ಮುಗಿಯಿತು. ಈಗ ಲಾಟ್ ನಂಬರ್ (ಒಟ್ಟಿಗೆ ಮಾಡಿದ ಮಾಲಿನ ಗುರುತು) ಬೇಕು, ಟೆಸ್ಟ್ ರೀಡಿಂಗ್ ಫೈಲ್ ಬೇಕು, ತ್ರೀಡಿ ಮಾಡೆಲ್ ಬೇಕು. ದೊಡ್ಡ ಕಂಪನಿಗಳ ಬಿಡಿಭಾಗ ಬರುವ ಪ್ರತಿ ರೀಲ್ ಮೇಲೂ ಕೋಡ್ ಇರುತ್ತದೆ. ಅದನ್ನು ನೋಡಿ ಅಭ್ಯಾಸ ಆದವರು ನಮ್ಮ ರಟ್ಟಿನ ಡಬ್ಬದ ಮೇಲೂ ಅದನ್ನೇ ಹುಡುಕುತ್ತಾರೆ. ನಮ್ಮಂಥ ಸಣ್ಣ ಘಟಕದವರು ಎಲ್ಲಿಂದ ಶುರು ಮಾಡಬೇಕು ಅಂತ ಬರೆಯುತ್ತೇನೆ. ಸಾಫ್ಟ್‌ವೇರ್ ಮಾರುವವರು ಬಾಗಿಲಿಗೆ ಬರುವ ಮೊದಲೇ ಓದಿಕೊಳ್ಳಿ.

ಮೊದಲ ಕೆಲಸಕ್ಕೆ ಕಂಪ್ಯೂಟರ್ ಬೇಡ, ಕತ್ತರಿ ಸಾಕು. ಫೆರೈಟ್ ಕೋರ್ (ಕಾಯಿಲ್ ನಡುವಿನ ತಿರುಳು) ಬರುವ ಡಬ್ಬದ ಮೇಲೆ ಒಂದು ಲೇಬಲ್ ಇರುತ್ತದೆ, ನೋಡಿ. ಗ್ರೇಡ್, ಬ್ಯಾಚ್, ತಾರೀಕು, ಬಾರ್‌ಕೋಡ್, ಎಲ್ಲ ಅದರಲ್ಲೇ ಇದೆ. ನಾನು ವರ್ಷಗಟ್ಟಲೆ ಆ ಡಬ್ಬಗಳನ್ನು ಒಲೆಗೆ ಹಾಕುತ್ತಿದ್ದೆ. ಒಮ್ಮೆ ನಾವು ಕಳಿಸಿದ 400 ಚೋಕ್ ವಾಪಸ್ ಬಂದವು. ಬೇಕಿದ್ದ ಇಂಡಕ್ಟೆನ್ಸ್ (ಕಾಯಿಲ್‌ನ ಮುಖ್ಯ ಅಳತೆ) 4 ಮಿಲಿಹೆನ್ರಿ. ಕೆಲವು ಸರಿ ಇದ್ದವು, ಕೆಲವು 2.6 ತೋರಿಸುತ್ತಿದ್ದವು. ಸುತ್ತು ಎಣಿಸಿದರೆ ಸರಿಯಾಗಿ 60. ಆಮೇಲೆ ಗೊತ್ತಾಯಿತು, ಎರಡು ಗ್ರೇಡ್‌ನ (ಬೇರೆ ಬೇರೆ ಗುಣದ ಫೆರೈಟ್‌ನ) ಇಇ16 ಅಳತೆಯ ಕೋರ್ ಬೆರೆತು ಹೋಗಿತ್ತು. ಎರಡೂ ಕಪ್ಪು, ಎರಡೂ ಒಂದೇ ಅಳತೆ. ಅಕ್ಕಿಯಲ್ಲಿ ಬಿಳಿ ಕಲ್ಲು ಬೆರೆತ ಹಾಗೆ. ‘ಯಾವ ಲಾಟ್?’ ಅಂತ ಗಿರಾಕಿ ಕೇಳಿದರೆ ನನ್ನ ಪುಸ್ತಕದಲ್ಲಿ ಇದ್ದುದು ಇಷ್ಟೇ: ‘ಇಇ16, 400, ಕಳಿಸಿದೆ.’ ನಾನ್ನೂರನ್ನೂ ಒಂದೊಂದಾಗಿ ಮೀಟರ್‌ಗೆ ಹಚ್ಚಿ ಅಳೆದೆವು.

ಈಗ ಡಬ್ಬ ಒಡೆದ ಕೂಡಲೇ ಲೇಬಲ್ ಕತ್ತರಿಸಿ, ಆ ದಿನದ ಟ್ರೇಗೆ ಕ್ಲಿಪ್ ಹಾಕುತ್ತೇವೆ. ಅದರ ಫೋಟೋ ಕೂಡ ತೆಗೆಯುತ್ತೇವೆ. ಒಂದು ಟ್ರೇಯಲ್ಲಿ ಒಂದೇ ಡಬ್ಬದ ಕೋರ್. ಟ್ರೇಗೆ ಒಂದು ನಂಬರ್: ತಾರೀಕು, ಮೆಷಿನ್, ಟ್ರೇ. 250714-2-3 ಅಂದರೆ 2025ರ ಜುಲೈ 14, ಎರಡನೇ ಮೆಷಿನ್, ಮೂರನೇ ಟ್ರೇ. ಇದೇ ಲಾಟ್ ನಂಬರ್. ಹೆಂಗಸರಿಗೆ ಇದನ್ನು ಕಲಿಸಲು ಹತ್ತು ನಿಮಿಷ ಸಾಕಾಯಿತು. ಅವರಲ್ಲಿ ಇಬ್ಬರು ಕಾಫಿ ಕ್ಯೂರಿಂಗ್‌ನಲ್ಲಿ ದುಡಿದವರು. ಮೂಟೆ ಮೇಲೆ ಲಾಟ್ ಬರೆಯುವುದು ಅವರಿಗೆ ಹೊಸದೇನಲ್ಲ.

ಇನ್ನು ಅಳತೆ. ಎಲ್‌ಸಿಆರ್ ಮೀಟರ್ (ಇಂಡಕ್ಟೆನ್ಸ್ ಅಳೆಯುವ ಮೀಟರ್) ಕೊಳ್ಳುವಾಗ ಕಂಪ್ಯೂಟರ್‌ಗೆ ಜೋಡಿಸಲು ಯುಎಸ್‌ಬಿ ಇರುವುದನ್ನೇ ತೆಗೆದುಕೊಳ್ಳಿ. ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ. ಕೈಯಲ್ಲಿ ಬರೆದಾಗ ನಮ್ಮ ರೀಡಿಂಗ್ ಎಲ್ಲ 4.0, 4.0, 4.1 ಹೀಗೆ ಮುದ್ದಾಗಿ ಇರುತ್ತಿದ್ದವು. ಮೀಟರ್ ತಾನೇ ಕಂಪ್ಯೂಟರ್‌ನ ಶೀಟ್‌ಗೆ ಬರೆಯಲು ಶುರು ಮಾಡಿದ ದಿನ 3.82, 4.17, 3.95 ಬಂತು. ಯಾರೂ ಸುಳ್ಳು ಬರೆದಿರಲಿಲ್ಲ, ಕಣ್ಣು ಹತ್ತಿರದ ಅಂಕಿಗೆ ಜಾರುತ್ತಿತ್ತು, ಅಷ್ಟೇ. ಗ್ಯಾಪ್ (ಕೋರ್‌ನ ತುಂಡುಗಳ ನಡುವೆ ಬೇಕೆಂದೇ ಬಿಡುವ ಸಂದು) ಇಲ್ಲದ ಫೆರೈಟ್‌ನಲ್ಲಿ ಶೇ. 25ರವರೆಗೆ ಹೆಚ್ಚುಕಡಿಮೆ ಇರಬಹುದು ಅಂತ ಸಾಮಾನ್ಯವಾಗಿ ಕೋರ್ ತಯಾರಕರೇ ಬರೆದಿರುತ್ತಾರೆ. ಎಲ್ಲ ಒಂದೇ ಸಮ ಇದ್ದರೆ ತಿಳಿದ ಗಿರಾಕಿಗೆ ಅದೇ ಅನುಮಾನ.

ರೀಡಿಂಗ್ ಪಕ್ಕದಲ್ಲಿ ಯಾವ ಫ್ರೀಕ್ವೆನ್ಸಿಯಲ್ಲಿ ಅಳೆದಿರಿ ಅಂತ ಬರೆಯಿರಿ (ನಮ್ಮದು 10 ಕಿಲೋಹರ್ಟ್ಸ್). ಕೋಣೆಯ ಉಷ್ಣತೆಯನ್ನೂ ಬರೆಯಿರಿ. ಇದು ಕೊಡಗಿನವರಿಗೆ ಮುಖ್ಯ. ಡಿಸೆಂಬರ್ ಚಳಿಯಲ್ಲಿ ಬೆಳಗ್ಗೆ ಎಂಟಕ್ಕೆ ಅಳೆದ ಚೋಕ್ ಮಧ್ಯಾಹ್ನ ಎರಡಕ್ಕೆ ಜಾಸ್ತಿ ತೋರಿಸುತ್ತದೆ. ಫೆರೈಟ್ ಬೆಚ್ಚಗಾದರೆ ಸಾಮಾನ್ಯವಾಗಿ ಇಂಡಕ್ಟೆನ್ಸ್ ಏರುತ್ತದೆ. ಗ್ಯಾಪ್ ಇರುವ ಕೋರ್‌ನಲ್ಲಿ ಈ ವ್ಯತ್ಯಾಸ ಕಡಿಮೆ. ಇದು ಗೊತ್ತಿಲ್ಲದೆ ನಾನು ಸುಮ್ನೆ ಮೀಟರ್ ಕೆಟ್ಟಿದೆ ಅಂತ ಬೈದಿದ್ದೆ.

ಕ್ಯೂಆರ್ ಲೇಬಲ್ ಸುಲಭ. ಪಾರ್ಟ್ ನಂಬರ್, ಲಾಟ್, ಸಂಖ್ಯೆ, ತಾರೀಕು, ಇಷ್ಟನ್ನು ಬರೀ ಅಕ್ಷರವಾಗಿ ತುಂಬಿಸಿ. ಲಿಂಕ್ ಹಾಕಬೇಡಿ, ಮುಂದೊಂದು ದಿನ ಅದು ತೆರೆಯುವುದಿಲ್ಲ. ಬಿಲ್ಲಿಂಗ್ ಅಂಗಡಿಯ ಥರ್ಮಲ್ ಕಾಗದ ಓವನ್ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ಶಾಯಿ ರಿಬ್ಬನ್‌ನಿಂದ ಮುದ್ರಿಸುವ ಪ್ರಿಂಟರ್ ಬಳಸಿ, ವಾರ್ನಿಶ್ ಒಣಗಿದ ಮೇಲೆ ಅಂಟಿಸಿ.

ತ್ರೀಡಿ ಮಾಡೆಲ್ ಅಂದಾಗ ನಾನು ಹೆದರಿದ್ದೆ. ಫ್ರೀಕ್ಯಾಡ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ವರ್ನಿಯರ್ ಹಿಡಿದು ಬಾಬಿನ್ (ತಂತಿ ಸುತ್ತುವ ಚೌಕಟ್ಟು) ಅಳೆದು, ಒಂದು ಪೆಟ್ಟಿಗೆ, ಅದಕ್ಕೆ ಪಿನ್‌ಗಳು, ಅಷ್ಟು ಬಿಡಿಸಿ ಸ್ಟೆಪ್ ಫೈಲ್ (ಬೇರೆ ಸಾಫ್ಟ್‌ವೇರ್‌ನಲ್ಲೂ ತೆರೆಯುವ ತ್ರೀಡಿ ಫೈಲ್) ಆಗಿ ಉಳಿಸಿದರೆ ಮುಗಿಯಿತು. ಸರ್ಕ್ಯೂಟ್ ಬೋರ್ಡ್ ವಿನ್ಯಾಸ ಮಾಡುವ ಹುಡುಗರು ತಮ್ಮ ಪರದೆಯಲ್ಲಿ ಇಟ್ಟು ನೋಡಲು ಆಗದ ಪಾರ್ಟನ್ನು ಆರಿಸುವುದೇ ಇಲ್ಲ. ಒಂದೇ ಎಚ್ಚರಿಕೆ: ಪಿನ್ ಚಿತ್ರ ಮೇಲಿನಿಂದ ನೋಡಿದ್ದೋ, ಕೆಳಗಿನಿಂದ ನೋಡಿದ್ದೋ ಅಂತ ದೊಡ್ಡಕ್ಷರದಲ್ಲಿ ಬರೆಯಿರಿ. ನನ್ನ ಮೊದಲ ಡೇಟಾಶೀಟ್‌ನಲ್ಲಿ ಅದು ಇರಲಿಲ್ಲ. ಗಿರಾಕಿಯ ಬೋರ್ಡ್‌ನಲ್ಲಿ ಪ್ರೈಮರಿ (ಕರೆಂಟ್ ಒಳಬರುವ ಸುತ್ತು) ಇರಬೇಕಾದ ಕಡೆ ಸೆಕೆಂಡರಿ (ಹೊರಹೋಗುವ ಸುತ್ತು) ಬಂದು ಕೂತಿತ್ತು.

ಇಷ್ಟೆಲ್ಲ ಆದರೂ ಪುಸ್ತಕ ಬಿಡಬೇಡಿ. 2018ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿದಾಗ ನಮ್ಮ ಹಳೇ ಪುಸ್ತಕಗಳು ನೆನೆದು ಮುದ್ದೆಯಾದವು. ಹಾಗಾಗಿ ಈಗ ಶೀಟ್ ಆನ್‌ಲೈನ್‌ನಲ್ಲಿದೆ. ಆದರೆ ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಅನ್ನುವ ದಿನಗಳು ಬರುತ್ತವೆ ಅಲ್ವಾ? ಆಗ ಬ್ಯಾಟರಿ ಮೀಟರ್‌ನಲ್ಲಿ ಅಳೆದು ಪೆನ್ಸಿಲ್‌ನಲ್ಲಿ ಬರೆಯುತ್ತೇವೆ. ಕರೆಂಟ್ ಬಂದ ದಿನವೇ ಅದು ಶೀಟ್‌ಗೆ ಏರಬೇಕು. ಯಾರು ಏರಿಸಬೇಕು ಅಂತ ಮೊದಮೊದಲು ಜಗಳವೇ ಆಗುತ್ತಿತ್ತು. ಈಗ ಸಂಜೆ ಬಾಗಿಲು ಹಾಕುವವರ ಕೆಲಸ ಅದು. ಪುಸ್ತಕವನ್ನು ಬೀಗದ ಕೈ ಜೊತೆ ಒಂದೇ ಮೊಳೆಗೆ ನೇತುಹಾಕಿದ್ದೇನೆ.